ಆಸಟೀಗ್ ಕುದುರೆಗಳಿಗೆ ಏನೂ ತಿನ್ನಿಸ್ಬೇಡಿ, ಕ್ಯಾರೆಟ್ ಕೂಡ ಬೇಡ

ಅಮೆರಿಕದ ಮೇರಿಲ್ಯಾಂಡ್, ವರ್ಜೀನಿಯಾ ಎರಡಕ್ಕೂ ಸೇರಿರೋ, ಕಾಡುಕುದುರೆಗಳಿರೋ ದ್ವೀಪ ಆಸಟೀಗ್. ಬೇಸಿಗೆ ರಜೆ ಹತ್ರ ಬಂತು ಅಂದ್ರೆ ಅಲ್ಲಿಗೆ ಕ್ಯಾಂಪಿಂಗ್ ಹೋಗೋ, ಆ ಕಡೆ ಇರೋ ನಮ್ಮ ಕನ್ನಡದವರಿಂದ ಅದೇ ಪ್ರಶ್ನೆಗಳು ಬರ್ತವೆ. ಟೆಂಟು, ಸ್ಟವ್ವು, ಏನೇನು ಪ್ಯಾಕ್ ಮಾಡ್ಬೇಕು ಅನ್ನೋದೆಲ್ಲ ನಿಮಗೇ ಗೊತ್ತಿರುತ್ತೆ, ಅದನ್ನ ಬಿಡ್ತೀನಿ. ನಾನು ಕುದುರೆ ಡಾಕ್ಟ್ರು, ಈ ಮೊದಲನೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ, ಆದ್ರೂ ಸರಿಯಾಗಿ ಹೇಳ್ತೀನಿ.

ಮಗಳಿಗೆ ಆರು ವರ್ಷ, ಕುದುರೆ ಅಂದ್ರೆ ಪ್ರಾಣ. ಟೆಂಟ್ ಹತ್ರಾನೇ ಬರ್ತವಂತೆ. ಒಂದು ಕ್ಯಾರೆಟ್ಟೋ ಚಪಾತಿನೋ ಕೊಟ್ರೆ ಏನಾಗುತ್ತೆ? ಫೋಟೋದಲ್ಲಿ ಹೊಟ್ಟೆ ಉಬ್ಬಿದೆ, ಪಾಪ ಹುಳ ಆಗಿದ್ಯಾ?

ಹುಳ ಅಲ್ಲ. ಅವು ತಿನ್ನೋದು ಜಾಸ್ತಿ ಉಪ್ಪುನೀರಿನ ಜೌಗಲ್ಲಿ ಬೆಳೆಯೋ ಹುಲ್ಲು, ಆ ಉಪ್ಪಿಗೆ ಸಾಕಿದ ಕುದುರೆಗಿಂತ ಎರಡು ಪಟ್ಟಿಗೂ ಜಾಸ್ತಿ ಸಿಹಿನೀರು ಕುಡೀತವೆ, ಅದಕ್ಕೇ ಹೊಟ್ಟೆ ಹಾಗೆ ಕಾಣೋದು. ಬೆಲ್ಲದಲ್ಲಿ ಓಂಕಾಳು ಕಲಸಿ ತಿನ್ನಿಸಿದ್ರೆ ಹುಳ ಬೀಳುತ್ತೆ ಅಂತ ವಾಟ್ಸಾಪಲ್ಲಿ ಕಳಿಸೋವ್ರು ಯಾವ ಕುದುರೆನೂ ನೋಡಿಲ್ಲ, ದಯವಿಟ್ಟು ಅದನ್ನ ಫಾರ್ವರ್ಡ್ ಮಾಡ್ಬೇಡಿ.

ಈಗ ಚಪಾತಿ ವಿಷಯ. ಕುದುರೆಗೆ ವಾಂತಿ ಮಾಡೋಕೆ ಆಗಲ್ಲ, ಒಳಗೆ ಹೋಗಿದ್ದು ಕರುಳಲ್ಲೇ ಮುಂದಕ್ಕೆ ಹೋಗ್ಬೇಕು. ನಾರಿರೋ ಹುಲ್ಲು ಅರಗಿಸೋಕೆ ಹೊಂದ್ಕೊಂಡಿರೋ ಹೊಟ್ಟೆಗೆ ಇದ್ದಕ್ಕಿದ್ದಂತೆ ಹಿಟ್ಟು, ಬ್ರೆಡ್ಡು, ಚಿಪ್ಸು ಬಿದ್ರೆ ಅಲ್ಲೇ ಹುಳಿ ಬಂದು ಗ್ಯಾಸ್ ತುಂಬ್ಕೊಳ್ಳುತ್ತೆ, ಹೊಟ್ಟೆನೋವಿಗೆ ನೆಲಕ್ಕೆ ಬಿದ್ದು ಹೊರಳಾಡ್ತವೆ, ಕರುಳು ತಿರುಚಿಕೊಂಡ್ರೆ ಸಾಯ್ತವೆ. ಆ ನೋವು ನೋಡಿರೋವಳು ನಾನು, ಅದಕ್ಕೇ ಇಷ್ಟು ಜೋರಾಗಿ ಹೇಳ್ತಿರೋದು.

ಸರಿ, ಕ್ಯಾರೆಟ್ ಒಂದೇ ತಾನೇ ಅಂತೀರಿ. ಒಂದು ಕ್ಯಾರೆಟ್ಟಿಗೆ ಹೊಟ್ಟೆ ಕೆಡದೇ ಇರಬಹುದು, ಆದ್ರೆ ಮನುಷ್ಯರ ಹತ್ರ ಹೋದ್ರೆ ತಿಂಡಿ ಸಿಗುತ್ತೆ ಅಂತ ಅದು ಕಲೀತು, ಇನ್ನು ಮರೆಯಲ್ಲ. ಆಮೇಲೆ ರೋಡ್ ಬದೀಲಿ ಬಂದು ನಿಲ್ಲುತ್ತೆ, ಕಾರಿಗೆ ಸಿಕ್ಕಿ ಸಾಯುತ್ತೆ, ಅಲ್ಲಿ ಹೀಗೆ ಸತ್ತಿರೋ ಕುದುರೆಗಳಿವೆ. ಚಿಪ್ ಅಂತ ಎಲ್ರೂ ಕರೀತಿದ್ದ ಒಂದು ಕುದುರೆ ಇತ್ತು, ಕ್ಯಾಂಪಿನವರ ಊಟದ ರುಚಿ ಹತ್ತಿ ಜನರ ಮೇಲೇ ನುಗ್ಗೋಕೆ ಶುರು ಮಾಡ್ತು, ಕೊನೆಗೆ 2022ರಲ್ಲಿ ಅದನ್ನ ದ್ವೀಪದಿಂದಾನೇ ಹಿಡಿದು ಟೆಕ್ಸಾಸಿನ ಪ್ರಾಣಿಧಾಮಕ್ಕೆ ಸಾಗಿಸಬೇಕಾಯ್ತು. ಹುಟ್ಟಿದ ಜಾಗ, ತನ್ನ ಗುಂಪು ಎಲ್ಲಾ ಹೋಯ್ತು, ಅದರ ತಪ್ಪೇನೂ ಇರ್ಲಿಲ್ಲ.

ಇನ್ನು ಮಗು. ಕನಿಷ್ಠ 40 ಅಡಿ ದೂರ ಇರಬೇಕು ಅನ್ನೋದು ಅಲ್ಲಿನ ರೂಲು, ಅಂದ್ರೆ ಒಂದು ಬಸ್ಸಿನಷ್ಟು ಉದ್ದ. ಮುಟ್ಟಿದ್ರೆ, ತಿನ್ನಿಸಿದ್ರೆ ದಂಡ ಬೀಳುತ್ತೆ. ಕುದುರೆಯೇ ನಿಮ್ಮ ಕಡೆ ನಡ್ಕೊಂಡು ಬಂದ್ರೆ ನೀವೇ ಎದ್ದು ದೂರ ಹೋಗಿ, ಮೊದಲು ಮಗು ಕೈಲಿರೋ ಬಿಸ್ಕೆಟ್ ಕಿತ್ಕೊಳ್ಳಿ, ಅಳಲಿ ಪರವಾಗಿಲ್ಲ. ತಾಯಿ ಮರಿ ಮಧ್ಯೆ, ಗಂಡು ಕುದುರೆ ಮತ್ತೆ ಅದರ ಹೆಣ್ಣುಗಳ ಮಧ್ಯೆ ಯಾವತ್ತೂ ನಿಲ್ಬೇಡಿ, ಗಂಡು ತನ್ನ ಗುಂಪನ್ನ ಅಟ್ಟಿಸ್ಕೊಂಡು ಬರುವಾಗ ಎದುರಿಗೆ ಯಾರಿದಾರೆ ಅಂತ ನೋಡಲ್ಲ. ಸೆಲ್ಫಿಗೆ ಅಂತ ಹಿಂದೆ ಹೋಗಿ ನಿಂತ್ರೆ ಒದೆಯುತ್ತೆ, ಮುಂದೆ ನಿಂತ್ರೆ ಕಚ್ಚುತ್ತೆ. ಪುಳಿಯೋಗರೆ ಡಬ್ಬಿ, ಹಣ್ಣು, ಕೂಲರ್ರು ಎಲ್ಲಾ ಕಾರೊಳಗೆ, ಗ್ಲಾಸ್ ಏರಿಸಿ ಲಾಕ್ ಮಾಡಿ, ಟೆಂಟಲ್ಲಿ ಒಂದು ಚಕ್ಕುಲಿ ಕೂಡ ಇಡ್ಬೇಡಿ, ವಾಸನೆ ಹಿಡಿದು ಬಂದ ಕುದುರೆಗೆ ಟೆಂಟ್ ಬಟ್ಟೆ ಲೆಕ್ಕಕ್ಕೇ ಇಲ್ಲ, ಒಳಗೆ ಮಲಗಿರೋದು ನಿಮ್ಮ ಮಕ್ಕಳು.

ಸವಾರಿ ಮಾಡಿಸ್ತಾರಾ?
ಇಲ್ಲ. ಅವು ಕಾಡುಕುದುರೆ.

ಜುಲೈಲಿ ಕುದುರೆಗಳು ಈಜೋದನ್ನ ಕ್ಯಾಂಪಿಂದಾನೇ ನೋಡಬಹುದಾ?
ಆಗಲ್ಲ. ಅದು ವರ್ಜೀನಿಯಾ ಕಡೆ ಹಿಂಡು, ಪಕ್ಕದ ಶಿಂಕಟೀಗ್ ದ್ವೀಪದ ಅಗ್ನಿಶಾಮಕ ಸ್ವಯಂಸೇವಕರದ್ದು, ಜುಲೈ ಕೊನೇ ಬುಧವಾರ ಅವುಗಳನ್ನ ಶಿಂಕಟೀಗಿಗೆ ಈಜಿಸ್ತಾರೆ. ಕ್ಯಾಂಪಿಂಗ್ ಇರೋದು ಮೇರಿಲ್ಯಾಂಡ್ ಕಡೆ ಮಾತ್ರ, ಎರಡು ಹಿಂಡಿಗೂ ಮಧ್ಯೆ ಬೇಲಿ ಇದೆ.

ಹೆಣ್ಣು ಕುದುರೆಗಳಿಗೆ ಬಂದೂಕಲ್ಲಿ ವಿಷ ಹೊಡೀತಾರಂತೆ?
ಯಾರು ಹೇಳಿದ್ದು ನಿಮಗೆ? ಅದು ಗರ್ಭ ನಿಲ್ಲದ ಹಾಗೆ ಮಾಡೋ ಲಸಿಕೆ, 1994ರಲ್ಲಿ ಮೇರಿಲ್ಯಾಂಡ್ ಹಿಂಡಿಗೆ ಡಾರ್ಟಲ್ಲಿ ಕೊಡೋಕೆ ಶುರು ಮಾಡಿದ್ರು. ಮರಳುದಿಬ್ಬದ ದ್ವೀಪ ಅದು, ಕುದುರೆ ಜಾಸ್ತಿಯಾದ್ರೆ ಹುಲ್ಲೂ ಉಳಿಯಲ್ಲ, ದಿಬ್ಬಾನೂ ಉಳಿಯಲ್ಲ.

ನಾಯಿ ಕರ್ಕೊಂಡು ಹೋಗೋಣ ಅಂತಿದೀವಿ.
ಮನೇಲಿ ಬಿಟ್ಟು ಹೋಗಿ. ಮೇರಿಲ್ಯಾಂಡ್ ಕಡೆ ನ್ಯಾಷನಲ್ ಸೀಶೋರ್ (ಕೇಂದ್ರ ಸರ್ಕಾರದ ಕರಾವಳಿ ಪಾರ್ಕ್) ಕ್ಯಾಂಪಲ್ಲಿ ಹಗ್ಗ ಕಟ್ಟಿದ್ರೆ ಬಿಡ್ತಾರೆ, ಆದ್ರೆ ಕುದುರೆ ಕಂಡು ಬೊಗಳೋ ನಾಯಿ ಒದೆ ತಿನ್ನೋದು ಗ್ಯಾರಂಟಿ. ವರ್ಜೀನಿಯಾ ಕಡೆ ಅಭಯಾರಣ್ಯಕ್ಕಂತೂ ಕಾರೊಳಗೆ ಕೂರಿಸ್ಕೊಂಡ್ರೂ ಬಿಡಲ್ಲ.

ಸೊಳ್ಳೆಗೆ ವಿಟಮಿನ್ ಬಿ ಮಾತ್ರೆ ನುಂಗಿದ್ರೆ ಸಾಕು ಅಂತಾರೆ, ನಿಜಾನಾ?
ಸುಳ್ಳು. ಬೆಳ್ಳುಳ್ಳಿ ತಿನ್ನೋದೂ ಸುಳ್ಳು. ಡೀಟ್ ಅಥವಾ ಪಿಕಾರಿಡಿನ್ ಇರೋ ಸ್ಪ್ರೇ ಹಚ್ಚಿ, ಸಂಜೆ ಮೇಲೆ ಮಕ್ಕಳಿಗೆ ಉದ್ದ ಪ್ಯಾಂಟ್ ಹಾಕಿ, ರಾತ್ರಿ ಮಲಗೋ ಮುಂಚೆ ಕಂಕುಳು, ಮಂಡಿ ಹಿಂದೆ, ಕೂದಲೊಳಗೆ ಉಣ್ಣೆ (ರಕ್ತ ಹೀರೋ ಟಿಕ್) ಹತ್ತಿದ್ಯಾ ನೋಡಿ. ಹತ್ತಿದ್ರೆ ಕಡ್ಡಿ ಗೀರಿ ಸುಡೋದು, ಎಣ್ಣೆ ಹಚ್ಚೋದು ಏನೂ ಬೇಡ, ಚಿಮಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೀರಿ, ಆಮೇಲೆ ಜ್ವರಾನೋ ಗಂಧೇನೋ ಬಂದ್ರೆ ನಿಮ್ಮ ಡಾಕ್ಟ್ರಿಗೆ ಉಣ್ಣೆ ಕಚ್ಚಿದ ತಾರೀಖು ಹೇಳಿ.