ಬಿಚ್ಚಿ ನೋಡೋಣ: ಡೆಸ್ಕ್‌ಟಾಪ್ ಪ್ರಶ್ನೋತ್ತರ

ಪ್ರಶ್ನೆ: ಇಪ್ಪತ್ತು ವರ್ಷದ ಹಿಂದೆ ಡೆಸ್ಕ್‌ಟಾಪ್ ಜೋಡಿಸುವ ಹವ್ಯಾಸಿಗಳು ಇಬ್ಬರು ಸೇರಿದರೆ ಓವರ್‌ಕ್ಲಾಕಿಂಗ್‌ನದೇ (ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವುದರದೇ) ಮಾತು. ಈಗ ಅದರ ಸುದ್ದಿಯೇ ಇಲ್ಲವಲ್ಲ, ಯಾಕೆ? ಕೈಯಾಡಿಸಲು ಏನಾದರೂ ಉಳಿದಿದೆಯೇ?
– ಮೈಸೂರಿನ ಓದುಗರು

ಉತ್ತರ: ಸಿಗುವ ಲಾಭ ಕುಗ್ಗಿತು, ಅದರ ಹಿಂದೆಯೇ ಆಸಕ್ತಿಯೂ ಕುಗ್ಗಿತು. 1998ರ ಇಂಟೆಲ್‌ನ ಅಗ್ಗದ ಪ್ರೊಸೆಸರ್ ಸೆಲೆರಾನ್ 300ಎ ನೋಡಿ. ಬಸ್ ವೇಗವನ್ನು (ಮದರ್‌ಬೋರ್ಡ್‌ನ ಮೂಲ ವೇಗ) ಮಲ್ಟಿಪ್ಲಯರ್‌ನಿಂದ ಗುಣಿಸಿದರೆ ಪ್ರೊಸೆಸರ್‌ನ ವೇಗ ಸಿಗುತ್ತದೆ. ಮಲ್ಟಿಪ್ಲಯರ್ 4.5ಕ್ಕೆ ಲಾಕ್ ಆಗಿತ್ತು, ಬಸ್ ವೇಗ 66 ಮೆಗಾಹರ್ಟ್ಸ್. ಮದರ್‌ಬೋರ್ಡ್‌ನಲ್ಲಿ ಬಸ್ಸನ್ನು 100ಕ್ಕೆ ಏರಿಸಿದರೆ 300 ಇದ್ದದ್ದು 450 ಆಗುತ್ತಿತ್ತು. ಎಲ್ಲ ಚಿಪ್ಪೂ ತಡೆಯುತ್ತಿರಲಿಲ್ಲ, ಆದರೆ ತಡೆಯುವಂಥವು ಧಾರಾಳವಾಗಿ ಸಿಗುತ್ತಿದ್ದವು. 128 ಕೆಬಿ ಕ್ಯಾಶ್ (ವೇಗದ ಪುಟ್ಟ ಮೆಮೊರಿ) ಚಿಪ್‌ನೊಳಗೇ ಪೂರ್ಣ ವೇಗದಲ್ಲಿ ಓಡುತ್ತಿದ್ದರಿಂದ ಗೇಮ್‌ಗಳಲ್ಲಿ ಅದು ದುಬಾರಿ ಪೆಂಟಿಯಂ 2ಕ್ಕೆ ಸರಿಸಾಟಿಯಾಗಿ ನಿಲ್ಲುತ್ತಿತ್ತು. 2007ರ ಕೋರ್ 2 ಕ್ವಾಡ್ ಕ್ಯೂ6600ರಲ್ಲೂ ಅದೇ ಕಥೆ: ಮಲ್ಟಿಪ್ಲಯರ್ 9, ಬಸ್ 266ರಿಂದ 333ಕ್ಕೆ, 2.4 ಗಿಗಾಹರ್ಟ್ಸ್ ಇದ್ದದ್ದು 3.0.

2011ರ ಇಂಟೆಲ್‌ನ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರ್‌ಗಳಿಂದ ಈ ದಾರಿ ಮುಚ್ಚಿತು. ಪ್ರೊಸೆಸರ್, ಪಿಸಿಐಇ (ಗ್ರಾಫಿಕ್ಸ್ ಕಾರ್ಡ್‌ನಂಥವುಗಳ ಸಂಪರ್ಕ), ಸಾಟಾ (ಡಿಸ್ಕ್‌ಗಳ ಸಂಪರ್ಕ) ಎಲ್ಲವೂ 100 ಮೆಗಾಹರ್ಟ್ಸ್‌ನ ಒಂದೇ ಮೂಲ ಗಡಿಯಾರಕ್ಕೆ ಕಟ್ಟುಬಿದ್ದವು. ಅದನ್ನು ನಾಲ್ಕೈದು ಮೆಗಾಹರ್ಟ್ಸ್ ಏರಿಸಿದರೂ ಯಂತ್ರ ತಡವರಿಸುತ್ತದೆ. ಮಲ್ಟಿಪ್ಲಯರ್ ಪೂರ್ತಿ ತೆರೆದಿಟ್ಟಿದ್ದು ಹೆಸರಿನ ಕೊನೆಗೆ ‘ಕೆ’ ಇರುವ ದುಬಾರಿ ಮಾದರಿಗಳಲ್ಲಿ ಮಾತ್ರ. ಅಂದರೆ ಅಗ್ಗದ ಚಿಪ್ ಕೊಂಡು ದುಬಾರಿಯದರ ಕೆಲಸ ಮಾಡಿಸುವ ಖುಷಿ ಅಲ್ಲಿಗೆ ಮುಗಿಯಿತು. ಜೊತೆಗೆ ಟರ್ಬೊ ಬಂತು. ಶಾಖ, ವೋಲ್ಟೇಜ್ ಅಳೆದು ಚಿಪ್ಪೇ ತನ್ನ ಗರಿಷ್ಠ ಮಿತಿಗೆ ಏರಿಕೊಳ್ಳುತ್ತದೆ. ಹವ್ಯಾಸಿ ಹಿಂಡಿ ತೆಗೆಯುತ್ತಿದ್ದುದನ್ನು ಕಾರ್ಖಾನೆಯೇ ಹಿಂಡಿ ಕೊಡುತ್ತಿದೆ.

ಉಳಿದಿರುವುದು ಅದರ ಉಲ್ಟಾ ಕೆಲಸ, ಅಂದರೆ ಶಾಖ ತಗ್ಗಿಸಲು ವೋಲ್ಟೇಜ್ ಇಳಿಸುವುದು. ನಮ್ಮ ಮಟ್ಟಿಗೆ ಇವತ್ತು ಕಲಿಯಲು ಯೋಗ್ಯವಾದದ್ದು ಇದೇ. ಎಎಂಡಿಯ ರೈಜೆನ್ 5000 ಅಥವಾ ನಂತರದ ಪ್ರೊಸೆಸರ್ ಇದ್ದರೆ, ಮದರ್‌ಬೋರ್ಡ್ ಬೆಂಬಲಿಸಿದಲ್ಲಿ, ಬಯಾಸ್‌ನ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳ) ಪಿಬಿಒ ವಿಭಾಗದಲ್ಲಿ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರ್ ಸಿಗುತ್ತದೆ. ಎಲ್ಲ ಕೋರ್‌ಗಳಿಗೂ (ಪ್ರೊಸೆಸರ್‌ನೊಳಗಿನ ಲೆಕ್ಕ ಮಾಡುವ ಘಟಕಗಳಿಗೂ) ನೆಗೆಟಿವ್ 10 ಇಟ್ಟು ಶುರು ಮಾಡಿ, ಒಂದೆರಡು ದಿನ ಬಳಸಿ, ಆಮೇಲೆ 15, 20 ಹೀಗೆ ಹೋಗಿ. ಬಹಳ ಜನ ಎಡವುವುದು ಪರೀಕ್ಷೆಯಲ್ಲಿ. ಎಲ್ಲ ಕೋರ್‌ಗಳ ಮೇಲೂ ಭಾರ ಹೇರಿ ಒಂದು ಗಂಟೆ ಓಡಿತೆಂದು ಸಮಾಧಾನಪಡುತ್ತಾರೆ. ಆದರೆ ಇಲ್ಲಿ ಯಂತ್ರ ಬೀಳುವುದು ಹೆಚ್ಚಾಗಿ ಭಾರ ಕಡಿಮೆ ಇದ್ದಾಗ: ಒಂದೇ ಕೋರ್ ಗರಿಷ್ಠ ವೇಗಕ್ಕೆ ನೆಗೆದ ಗಳಿಗೆಯಲ್ಲಿ, ಬ್ರೌಸರ್ ತೆರೆದಿಟ್ಟು ಸುಮ್ಮನೆ ಕೂತಾಗ. ಹಾಗಾಗಿ ಕೋರ್‌ಸೈಕ್ಲರ್‌ನಂಥ ಸಾಧನದಲ್ಲಿ ಒಂದೊಂದೇ ಕೋರ್ ಪರೀಕ್ಷಿಸಿ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ಡಬ್ಲ್ಯೂಎಚ್‌ಇಎ’ ಎಂಬ ಹಾರ್ಡ್‌ವೇರ್ ದೋಷ ಕಂಡರೆ ಆ ಕೋರ್‌ಗೆ ಮಾತ್ರ 5 ಹಿಂದೆ ಬನ್ನಿ. ಚಿಪ್ ‘ಉತ್ತಮ’ ಎಂದು ಗುರುತಿಸಿದ ಕೋರ್‌ಗಳೇ ಇಳಿಕೆಯನ್ನು ಎಲ್ಲಕ್ಕಿಂತ ಕಡಿಮೆ ತಡೆಯುತ್ತವೆ, ಏಕೆಂದರೆ ಅವಕ್ಕೆ ಮೊದಲೇ ಕಡಿಮೆ ವೋಲ್ಟೇಜ್ ನಿಗದಿಯಾಗಿರುತ್ತದೆ.

ಇಂಟೆಲ್ 13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ ಇದ್ದವರು ಬೇರೇನೂ ಮುಟ್ಟುವ ಮುಂಚೆ ಬಯಾಸ್ ಅಪ್‌ಡೇಟ್ ಮಾಡಿ. ಅತಿ ವೋಲ್ಟೇಜ್‌ನಿಂದ ಚಿಪ್ ಸವೆಯುವುದನ್ನು ತಡೆಯುವ ತಿದ್ದುಪಡಿಗಳು 2024ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಂದಿವೆ. ಆಗಲೇ ಸವೆದ ಚಿಪ್ ಇದರಿಂದ ಸರಿಹೋಗುವುದಿಲ್ಲ, ವಾರಂಟಿಯಲ್ಲಿ ಬದಲಿಸಿಕೊಳ್ಳಬೇಕು.

ಪ್ರಶ್ನೆ: ಸ್ವತಃ ಜೋಡಿಸಿದ ಕಂಪ್ಯೂಟರ್. ಫ್ಯಾನ್ ತಿರುಗುತ್ತದೆ, ಲೈಟ್ ಬರುತ್ತದೆ, ಮಾನಿಟರ್ ಮಾತ್ರ ಕಪ್ಪು. ಎಲ್ಲಿಂದ ಹುಡುಕಬೇಕು?
– ಮಂಗಳೂರಿನ ವಿದ್ಯಾರ್ಥಿ

ಉತ್ತರ: ಮೊದಲು ಎಂಟು ಪಿನ್ನಿನ ಸಿಪಿಯು ಪವರ್ ಕೇಬಲ್ ನೋಡಿ. ಮದರ್‌ಬೋರ್ಡ್‌ನ ಮೇಲಿನ ಮೂಲೆಯಲ್ಲಿರುವ ಇದನ್ನು ಮರೆತರೆ ಥೇಟ್ ನೀವು ಬರೆದ ಲಕ್ಷಣವೇ ಕಾಣುತ್ತದೆ. 4+4 ಎಂದು ಸೀಳುವುದು ಸಿಪಿಯುಗೆ, 6+2 ಎಂದು ಸೀಳುವುದು ಗ್ರಾಫಿಕ್ಸ್ ಕಾರ್ಡ್‌ಗೆ. ಇವೆರಡರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಸಾಲುಗಳು ಅದಲುಬದಲಾಗಿರುತ್ತವೆ. ಬಲವಂತವಾಗಿ ತುರುಕಿದರೆ ಬೋರ್ಡ್ ಸುಡಬಹುದು. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಮಾನಿಟರ್ ಕೇಬಲ್ಲನ್ನು ಕಾರ್ಡ್‌ಗೇ ಸಿಕ್ಕಿಸಬೇಕು.

ಆಮೇಲೆ ರ‍್ಯಾಮ್. ಎಎಂಡಿಯ ಎಎಂ5 ಬೋರ್ಡ್, ಡಿಡಿಆರ್5 ರ‍್ಯಾಮ್ ಆದರೆ ಮೊದಲ ಸಲ ಆನ್ ಮಾಡಿದಾಗ ಮೆಮೊರಿ ಟ್ರೇನಿಂಗ್‌ಗೇ (ಬೋರ್ಡ್ ರ‍್ಯಾಮ್‌ಗೆ ಹೊಂದಿಕೊಳ್ಳಲಿಕ್ಕೇ) ಹಲವು ನಿಮಿಷ ಹಿಡಿಯುತ್ತದೆ. ಹತ್ತು ಹದಿನೈದು ನಿಮಿಷ ಬಿಡಿ, ನಡುವೆ ಸ್ವಿಚ್ ಆರಿಸಬೇಡಿ. ಆಗಲೂ ಏನೂ ಬರದಿದ್ದರೆ ಒಂದೇ ಕಡ್ಡಿಯನ್ನು ಪ್ರೊಸೆಸರ್ ಕಡೆಯಿಂದ ಎರಡನೇ ಸ್ಲಾಟ್‌ಗೆ ಹಾಕಿ, ‘ಟಕ್’ ಎನ್ನುವವರೆಗೆ ಒತ್ತಿ. ಹಳೆಯ ಕಡ್ಡಿಯಾದರೆ ಕರಾವಳಿಯ ತೇವಕ್ಕೆ ಸಂಪರ್ಕದ ಪಟ್ಟಿ ಮಂಕಾಗಿರಬಹುದು. ರಬ್ಬರಿನಿಂದ ಉಜ್ಜುವ ರೂಢಿ ಇದೆ, ಆದರೆ ತೆಳುವಾದ ಚಿನ್ನದ ಲೇಪ ಅದರಿಂದ ಸವೆಯುತ್ತದೆ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ ಸಾಕು.

ಬಗೆಹರಿಯದಿದ್ದರೆ ಬಯಾಸ್ ರಿಸೆಟ್: ಗೋಡೆಯ ಪ್ಲಗ್ ತೆಗೆದು, ಪವರ್ ಗುಂಡಿ ಹತ್ತು ಸೆಕೆಂಡ್ ಒತ್ತಿಹಿಡಿದು, ಸಿಆರ್2032 ಸೆಲ್ ಐದು ನಿಮಿಷ ಹೊರಗಿಡಿ. ಸೆಲ್ 2.7 ವೋಲ್ಟ್‌ಗಿಂತ ಕೆಳಗಿದ್ದರೆ ಹೊಸದು ಹಾಕಿ.

ಪವರ್ ಸಪ್ಲೈ ಕೊನೆಗೆ. ಹಸಿರು ತಂತಿಯನ್ನು ಕಪ್ಪು ತಂತಿಗೆ ಪೇಪರ್ ಕ್ಲಿಪ್‌ನಿಂದ ಸೇರಿಸುವ ಪರೀಕ್ಷೆ ಅದು ಶುರುವಾಗುತ್ತದೆ ಎಂದಷ್ಟೇ ಹೇಳುತ್ತದೆ, ಭಾರ ಹೊರುತ್ತದೆ ಎಂದಲ್ಲ. ಕಂಪ್ಯೂಟರ್‌ಗೆ ಜೋಡಿಸಿಯೇ, ಓಡುವಾಗ ಅಳೆಯಿರಿ: 12 ವೋಲ್ಟ್ ಸಾಲು 11.4–12.6ರ ನಡುವೆ, 5 ವೋಲ್ಟ್ ಸಾಲು 4.75–5.25ರ ನಡುವೆ ಇರಬೇಕು. ಪವರ್ ಸಪ್ಲೈನ ಡಬ್ಬಿ ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು.

ಪ್ರಶ್ನೆ: ಎಚ್61 ಬೋರ್ಡ್‌ನ ಹಳೆಯ ಇಂಟೆಲ್ ಐ5 ಕಂಪ್ಯೂಟರ್ ಇದೆ. ದುಡ್ಡು ಹಾಕಬಹುದೇ?
– ಹಾಸನದ ಓದುಗರು

ಉತ್ತರ: ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಗೆ ಹಾಕಿ. ಎಚ್61ರಲ್ಲಿ ಸಾಟಾ ವೇಗ ಸೆಕೆಂಡಿಗೆ 3 ಗಿಗಾಬಿಟ್ ಮಾತ್ರ, ಹೆಚ್ಚೆಂದರೆ ಸೆಕೆಂಡಿಗೆ 270–280 ಎಂಬಿ ಸಿಗುತ್ತದೆ. ಹಾರ್ಡ್ ಡಿಸ್ಕ್ ಬಳಸಿದವರಿಗೆ ಅಷ್ಟರಲ್ಲೇ ಯಂತ್ರ ಹೊಸದಾದಂತಾಗುತ್ತದೆ. ಆಪರೇಟಿಂಗ್ ಸಿಸ್ಟಂ ಹಾಕುವ ಮುಂಚೆ ಬಯಾಸ್‌ನ ಸಾಟಾ ಸೆಟ್ಟಿಂಗ್‌ನಲ್ಲಿ ಐಡಿಇ ಬದಲು ಎಎಚ್‌ಸಿಐ ಆರಿಸಿ. ಆಮೇಲೆ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಬಹುದು.

ರ‍್ಯಾಮ್ 8 ಜಿಬಿ ಡಿಡಿಆರ್3 ಕಡ್ಡಿ ಎರಡು, ಒಟ್ಟು 16, ಅಲ್ಲಿಗೆ ಮಿತಿ. ತೀರಾ ಅಗ್ಗಕ್ಕೆ ಸಿಗುವ ‘ಎಎಂಡಿಗೆ ಮಾತ್ರ’ ಕಡ್ಡಿ, ಸರ್ವರ್‌ನಿಂದ ತೆಗೆದ ರಿಜಿಸ್ಟರ್ಡ್ ಕಡ್ಡಿ ಇದರಲ್ಲಿ ನಡೆಯುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 11 ಇದಕ್ಕೆ ಅಧಿಕೃತವಾಗಿ ಬರುವುದಿಲ್ಲ. ಉಚಿತ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಮಿಂಟ್ ಹಾಕಿ.

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವಾಗ ಏನು ಗಮನಿಸಬೇಕು?
– ತುಮಕೂರಿನ ಓದುಗರು

ಉತ್ತರ: ಅಂಗಡಿಯಲ್ಲೇ ಹಾಕಿ ತೋರಿಸದಿದ್ದರೆ ಕೊಳ್ಳಬೇಡಿ. ಪೆನ್‌ಡ್ರೈವ್‌ನಲ್ಲಿ ಕಾರ್ಡ್‌ನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ಒಯ್ಯಿರಿ. ಹಳೆಯ ಚಿಪ್‌ಗೆ ಬೇರೆ ಬಯಾಸ್ ತುಂಬಿ ಜಿಟಿಎಕ್ಸ್ 1050 ಟಿಐ ಎಂದು ಮಾರುವ ಕಾರ್ಡ್‌ಗಳಿವೆ. ಅಂಥದನ್ನು ಜಿಪಿಯು-ಝಡ್ ನಕಲಿ ಎಂದು ಗುರುತಿಸುತ್ತದೆ. ಆಮೇಲೆ ಕಾರ್ಡ್ ಮೇಲೆ ಪೂರ್ತಿ ಭಾರ ಹೇರುವ ಫರ್‌ಮಾರ್ಕ್ ಹದಿನೈದು ನಿಮಿಷ ಓಡಿಸಿ. ಪರದೆಯಲ್ಲಿ ಬಣ್ಣದ ಚುಕ್ಕೆ, ಚೌಕ ಕಂಡರೆ ಮೆಮೊರಿ ಅಥವಾ ಚಿಪ್‌ನ ಬೆಸುಗೆ ಹೋಗಿದೆ ಎಂದು ತಿಳಿಯಿರಿ. ಒಲೆಯಲ್ಲಿ ಬಿಸಿ ಮಾಡಿ ‘ರಿಪೇರಿ’ ಮಾಡಿದ ಕಾರ್ಡ್ ಕೆಲವು ವಾರ ಓಡಿ ಮತ್ತೆ ಸಾಯುತ್ತದೆ; ಚಿಪ್‌ನ ಸುತ್ತ ಕಂದುಬಣ್ಣಕ್ಕೆ ತಿರುಗಿದ ಬೋರ್ಡ್, ಬೆಸುಗೆಗೆ ಹಚ್ಚುವ ಅಂಟಂಟಾದ ಫ್ಲಕ್ಸ್ ಅದರ ಗುರುತು. ಪವರ್ ಸಾಕೆಟ್‌ನ ಪ್ಲಾಸ್ಟಿಕ್ ಹಳದಿಯಾಗಿ ಕರಗಿದಂತಿದ್ದರೆ ಎಷ್ಟೇ ಇಳಿಸಿ ಕೊಟ್ಟರೂ ಬೇಡ.