14 ವರ್ಷ ತುಂಬಿದರೆ ಬಿಡುಗಡೆಯೇ?

ಪ್ರಶ್ನೆ: ನಮ್ಮ ಭಾವ ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾಗಿ ಮೈಸೂರು ಜೈಲಿನಲ್ಲಿದ್ದಾರೆ. 14 ವರ್ಷ ತುಂಬಿದರೂ ಸನ್ನಡತೆ ಬಿಡುಗಡೆಯ ಪಟ್ಟಿಯಲ್ಲಿ ಹೆಸರಿಲ್ಲ. ‘ಊರಿಗೆ ಬಂದರೆ ಗಲಾಟೆಯಾಗುತ್ತದೆ’ ಎಂದು ಪೊಲೀಸರು ವರದಿ ಕೊಟ್ಟಿದ್ದಾರಂತೆ. ಮುಂದೇನು?
– ಓದುಗರು, ಮಳವಳ್ಳಿ

ಉತ್ತರ: 14 ವರ್ಷಕ್ಕೆ ಬಿಡುಗಡೆ ಎಂಬುದು ಬರೀ ಊರಮಾತು. ಜೀವಾವಧಿ ಎಂದರೆ ಜೀವ ಇರುವವರೆಗೆ. ಕೊಲೆಯಂಥ, ಗಲ್ಲಿಗೂ ಅವಕಾಶವಿರುವ ಅಪರಾಧದಲ್ಲಿ 14 ವರ್ಷಕ್ಕೆ ಮೊದಲು ಬಿಡಬೇಡಿ ಎನ್ನುತ್ತದೆ ಅಪರಾಧ ಪ್ರಕ್ರಿಯೆಯ ಈಗಿನ ಕಾನೂನಾದ ಬಿಎನ್‌ಎಸ್‌ಎಸ್‌ನ 475ನೇ ಕಲಂ (ಹಿಂದಿನ ಸಿಆರ್‌ಪಿಸಿ 433ಎ). ಆಮೇಲೆ ಬಿಡಲೇಬೇಕು ಎನ್ನುವುದಿಲ್ಲ.

ಮೊದಲು ಲೆಕ್ಕ ನೋಡಿ. ಜೈಲಿನಲ್ಲಿ ಗಳಿಸಿದ ಮಾಫಿ (ಶಿಕ್ಷೆ ಕಡಿತದ) ದಿನಗಳು ಈ 14ಕ್ಕೆ ಸೇರುವುದಿಲ್ಲ. ಪೆರೋಲ್ ದಿನಗಳೂ ಸೇರವು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ವಿಚಾರಣಾಧೀನ ಕೈದಿಯಾಗಿ ಒಳಗಿದ್ದ ಅವಧಿ ಸೇರುತ್ತದೆ. ಮನೆಯವರು ಬಂಧನದ ತಾರೀಖಿನಿಂದ ಎಣಿಸಿ, ನಡುವೆ ಜಾಮೀನಿನಲ್ಲಿದ್ದ ತಿಂಗಳುಗಳನ್ನು ಮರೆಯುವುದುಂಟು.

ಲೆಕ್ಕ ಸರಿಯಿದ್ದರೆ ಅಡ್ಡಿ ಆ ವರದಿಯದೇ. ‘ಗಲಾಟೆಯಾಗುತ್ತದೆ’ ಎಂದರೆ ಸಾಲದು. ಯಾರಿಂದ, ಯಾಕೆ ಎಂಬುದು ಬೇಕು. ನೋಡಬೇಕಾದ ಅಂಶಗಳನ್ನು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ: ಕೃತ್ಯ ಇಡೀ ಸಮಾಜವನ್ನು ತಟ್ಟಿತ್ತೇ, ಮರುಕಳಿಸುವ ಸಂಭವವಿದೆಯೇ, ಇನ್ನೂ ಒಳಗಿಟ್ಟು ಪ್ರಯೋಜನವಿದೆಯೇ, ಕುಟುಂಬದ ಸ್ಥಿತಿ ಹೇಗಿದೆ. ಶಿಕ್ಷೆ ಕೊಟ್ಟ ನ್ಯಾಯಾಲಯದ ಅಭಿಪ್ರಾಯವೂ ಕಾರಣ ಸಮೇತ ಕಡತದಲ್ಲಿರಬೇಕು. ತಿರಸ್ಕರಿಸಿದ್ದರೆ ಆದೇಶದ ಪ್ರತಿಯನ್ನು ಜೈಲು ಅಧೀಕ್ಷಕರಲ್ಲಿ ಕೇಳಿ. ಅದರಲ್ಲಿ ಕಾರಣವಿಲ್ಲದಿದ್ದರೆ ಹೈಕೋರ್ಟಿನಲ್ಲಿ ರಿಟ್ ಹಾಕಬಹುದು. ವಕೀಲರ ಶುಲ್ಕಕ್ಕೆ ಹೆದರಬೇಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ.

ಪ್ರಶ್ನೆ: ಈ ಪದ್ಧತಿಯಲ್ಲಿ ಏನು ಬದಲಾಗಬೇಕು? ರಾಜ್ಯಪಾಲರು ಒಬ್ಬರೇ ತೀರ್ಮಾನಿಸುತ್ತಾರೆಯೇ?
– ಓದುಗರು, ಮೈಸೂರು

ಉತ್ತರ: ಇಲ್ಲ. ಸಂವಿಧಾನದ 161ನೇ ವಿಧಿ ರಾಜ್ಯಪಾಲರಿಗೆ ಕೊಟ್ಟಿರುವ ಕ್ಷಮಾದಾನದ ಅಧಿಕಾರವನ್ನೂ ಸಂಪುಟದ ಸಲಹೆಯಂತೆಯೇ ಚಲಾಯಿಸಬೇಕು. ಇದು ಸುಪ್ರೀಂ ಕೋರ್ಟಿನ 1980ರ ಮಾರು ರಾಮ್ ತೀರ್ಪು. ಹಾಗಾಗಿ ತಿದ್ದಬೇಕಾದ್ದು ಕೆಳಗಿನ ಕಡತವನ್ನು.

2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅರ್ಧ ಕೆಲಸ ಮಾಡಿಕೊಟ್ಟಿದೆ. ರಾಜ್ಯದ ಬಿಡುಗಡೆ ನೀತಿಯಂತೆ ಅರ್ಹನಾದ ಕೈದಿ ಅರ್ಜಿ ಹಾಕದಿದ್ದರೂ ಸರ್ಕಾರ ಪರಿಶೀಲಿಸಬೇಕು, ಆದೇಶಕ್ಕೆ ಕಾರಣ ಬರೆಯಬೇಕು, ಅದನ್ನು ಕೈದಿಗೆ ತಿಳಿಸಬೇಕು. ಉಳಿದದ್ದು ಗಡುವು. ವರದಿಗೆ ಇಷ್ಟು ದಿನ, ಬಿಡುಗಡೆ ಪರಿಶೀಲಿಸುವ ಸಮಿತಿಗೆ ಇಷ್ಟು, ಸಂಪುಟಕ್ಕೆ ಇಷ್ಟು ಎಂದು ನಿಯಮದಲ್ಲೇ ಬರಬೇಕು. ಆಗಸ್ಟ್ 15, ಜನವರಿ 26ಕ್ಕೆ ಕಾಯುವ ರೂಢಿಯನ್ನೂ ಬಿಡಬೇಕು. ಬಿಡುಗಡೆ ಹಬ್ಬದ ಹೋಳಿಗೆಯಲ್ಲ. ಸತ್ತವರ ಮನೆಯವರ ಮಾತನ್ನೂ ಕೇಳಿ ಕಡತಕ್ಕೆ ಸೇರಿಸಬೇಕು, ಆದರೆ ಅವರ ‘ಬೇಡ’ವೊಂದೇ ಕೊನೆಯ ಮಾತಾಗಬಾರದು.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನದೇ ಪ್ರಕರಣವಿದೆ. 1993ರ ಪಾಲಾರ್ ನೆಲಬಾಂಬ್ ಕೇಸಿನಲ್ಲಿ ಇಲ್ಲಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆಯ) ನ್ಯಾಯಾಲಯ ವೀರಪ್ಪನ್‌ನ ನಾಲ್ವರು ಸಹಚರರಿಗೆ ಜೀವಾವಧಿ ಕೊಟ್ಟಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲು ಶಿಕ್ಷೆಯಾಗಿ ಹೆಚ್ಚಿಸಿತು. ಕ್ಷಮಾದಾನದ ಅರ್ಜಿ ತಿರಸ್ಕಾರವಾದದ್ದು 2013ರಲ್ಲಿ. ಆ ವಿಳಂಬದ ಕಾರಣಕ್ಕೇ 2014ರ ಜನವರಿಯಲ್ಲಿ ಗಲ್ಲು ಮತ್ತೆ ಜೀವಾವಧಿಯಾಯಿತು.

ಪ್ರಶ್ನೆ: ನಮ್ಮವನಿಗೆ ಶಿಕ್ಷೆಯಾದದ್ದು ಸೇಲಂನಲ್ಲಿ. ಅರ್ಜಿ ಬೆಂಗಳೂರಿಗೋ, ಚೆನ್ನೈಗೋ?
– ಓದುಗರು, ಮದ್ದೂರು

ಉತ್ತರ: ಚೆನ್ನೈಗೆ. ಶಿಕ್ಷೆ ವಿಧಿಸಿದ ರಾಜ್ಯವೇ ತೀರ್ಮಾನಿಸಬೇಕೆಂದು ಸುಪ್ರೀಂ ಕೋರ್ಟಿನ 2024ರ ಬಿಲ್ಕಿಸ್ ಬಾನು ತೀರ್ಪು ಹೇಳಿದೆ. ಅನ್ವಯವಾಗುವುದು ಶಿಕ್ಷೆಯಾದ ದಿನ ಅಲ್ಲಿ ಜಾರಿಯಲ್ಲಿದ್ದ ನೀತಿ. ಆಮೇಲೆ ಬಂದದ್ದು ಹೆಚ್ಚು ಉದಾರವಾಗಿದ್ದರೆ ಅದನ್ನೇ ಕೇಳಿ.