ಹಳೇ ಬೋಟ್ ಇಂಜಿನ್ ಹೊಗೆ ಬಿಡ್ತಿದ್ಯಾ? ಆಯಿಲ್ ಕಮ್ಮಿ ಮಾಡೋ ಮುಂಚೆ ಇದನ್ನ ಓದಿ

ಪ್ರಶ್ನೆ: ಸರ್, ನಮ್ಮೂರು ಕುಂದಾಪುರದ ಹತ್ರ, ನಾನಿರೋದು ರಾಜಾಜಿನಗರದಲ್ಲಿ. ನಮ್ಮ ಭಾವನ ಮನೇಲಿ ಎರಡು ವರ್ಷದಿಂದ ಸುಮ್ನೆ ಬಿದ್ದಿದ್ದ 25 ಎಚ್‌ಪಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿ ಹಿಂದುಗಡೆ ಹೊರಗೆ ಕಟ್ಟೋ) ಇಂಜಿನ್ನ ರಿಪೇರಿ ಮಾಡ್ಸಿ ಕೊಡೋಣ ಅಂತ ಗೂಡ್ಸ್ ಗಾಡೀಲಿ ಮಲಗಿಸ್ಕೊಂಡು ಇಲ್ಲಿಗೆ ತಂದೆ. ಶೆಡ್ಡಲ್ಲಿ ನೀರಿನ ಡ್ರಮ್‌ಗೆ ಇಳಿಸಿ ಸ್ಟಾರ್ಟ್ ಮಾಡಿದ್ರೆ ನೀಲಿ ಹೊಗೆ ದಟ್ಟವಾಗಿ ಬರತ್ತೆ, ಅರ್ಧ ಗಂಟೆ ಆದ್ರೂ ನಿಲ್ಲಲ್ಲ, ಪಕ್ಕದ ಮನೆಯವ್ರು ಬಂದು ಕೇಳೋ ಹಾಗಾಗಿದೆ. 5 ಲೀಟರ್ ಪೆಟ್ರೋಲ್‌ಗೆ ಬಂಕಲ್ಲಿ ಸಿಗೋ 2ಟಿ ಆಯಿಲ್ 200 ಎಂಎಲ್ ಹಾಕಿದ್ದೆ. ಮೇಲಿನ ಸ್ಪಾರ್ಕ್ ಪ್ಲಗ್ ಪರ್ವಾಗಿಲ್ಲ, ಕೆಳಗಿಂದು ಕಪ್ಪಗೆ ಒದ್ದೆಯಾಗಿದೆ. ನಮ್ಮ ಏರಿಯಾದ ಬೈಕ್ ಮೆಕ್ಯಾನಿಕ್ಕು ಆಯಿಲ್ ಕಾಲು ಭಾಗಕ್ಕೆ ಇಳಿಸಿ, ಕಾರ್ಬ್ಯುರೇಟರ್‌ಗೆ ಸಣ್ಣ ಜೆಟ್ (ಪೆಟ್ರೋಲ್ ಹಾಯೋ ತೂತಿನ ಬಿಡಿಭಾಗ) ಹಾಕೋಣ ಅಂತಾನೆ. ಮಾಡ್ಸಲಾ?

ಉತ್ತರ: ಎರಡನ್ನೂ ಮಾಡಿಸ್ಬೇಡಿ.

ಆಯಿಲ್ ವಿಷಯ ಮೊದ್ಲು ಹೇಳ್ತೀನಿ. ಟೂ ಸ್ಟ್ರೋಕ್ ಇಂಜಿನ್ನಲ್ಲಿ ಕೆಳಗಡೆ ಆಯಿಲ್ ಸಂಪ್ ಅಂತ, ಅಂದ್ರೆ ಆಯಿಲ್ ತುಂಬಿಡೋ ತೊಟ್ಟಿ, ಇರಲ್ಲ, ಕ್ರ್ಯಾಂಕು, ಬೇರಿಂಗು, ಪಿಸ್ಟನ್ನು, ರಿಂಗು ಎಲ್ಲಕ್ಕೂ ಪೆಟ್ರೋಲ್ ಜೊತೆ ಬರೋ ಆ ಒಂದಿಷ್ಟು ಆಯಿಲ್ಲೇ ಗತಿ. ಕಾಲು ಭಾಗ ಅಂದ್ರೆ 5 ಲೀಟರ್‌ಗೆ 50 ಎಂಎಲ್, ಅಂದ್ರೆ 100:1. ಹೊಗೆ ಕಮ್ಮಿ ಆಗತ್ತೆ, ಅದು ನಿಜ, ಆದ್ರೆ ಊರಿಗೆ ತಗೊಂಡು ಹೋಗಿ ಬಲೆ, ಜನ ಎಲ್ಲ ಇರೋ ದೋಣಿಗೆ ಕಟ್ಟಿ ಫುಲ್ ಥ್ರಾಟಲ್ ಕೊಟ್ಟಾಗ ಪಿಸ್ಟನ್ ಹಿಡ್ಕೊಂಡ್ರೆ ನಡುನೀರಲ್ಲಿ ಇರೋದು ನಿಮ್ಮ ಭಾವ. ಹೊಗೆ ಒಂದು ಲಕ್ಷಣ ಅಷ್ಟೇ, ಬೇಡದಿರೋ ಆಯಿಲ್ಲು ಪೆಟ್ರೋಲ್ಲು ಎಲ್ಲಿಂದ ಒಳಗೆ ಬರ್ತಿದೆ, ಇಲ್ಲಾಂದ್ರೆ ಬಂದಿದ್ದು ಯಾಕೆ ಉರೀತಾ ಇಲ್ಲ ಅನ್ನೋದನ್ನ ಹುಡುಕ್ಬೇಕು.

ಜೆಟ್ಟಂತೂ ಬೆಂಗಳೂರಲ್ಲಿ ಕೂತ್ಕೊಂಡು ಮುಟ್ಟಲೇಬಾರ್ದು. ನಾವಿರೋದು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲೆ, ಇಲ್ಲಿ ಗಾಳಿ ಕುಂದಾಪುರಕ್ಕಿಂತ ಸುಮಾರು ನೂರಕ್ಕೆ ಒಂಬತ್ತು ಪಾಲು ತೆಳು. ಕರಾವಳಿಗೆ ಸೆಟ್ ಆಗಿರೋ ಕಾರ್ಬ್ಯುರೇಟರ್ ಇಲ್ಲಿ ಸ್ವಲ್ಪ ರಿಚ್ ಆಗೇ (ಗಾಳಿಗಿಂತ ಪೆಟ್ರೋಲ್ ಪಾಲು ಜಾಸ್ತಿ ಆಗಿ) ಓಡತ್ತೆ, ಅದ್ರಿಂದ್ಲೂ ಒಂಚೂರು ಹೊಗೆ ಜಾಸ್ತಿ. ಇಲ್ಲಿಗೆ ಸರಿ ಹೋಗ್ಲಿ ಅಂತ ಸಣ್ಣ ಜೆಟ್ ಹಾಕಿ ಅಲ್ಲಿ ದಟ್ಟ ಗಾಳೀಲಿ ಓಡಿಸಿದ್ರೆ ಮಿಕ್ಸ್ಚರ್ ಲೀನ್ ಆಗಿ, ಅಂದ್ರೆ ಪೆಟ್ರೋಲ್ ಪಾಲು ಕಮ್ಮಿ ಆಗಿ, ಪಿಸ್ಟನ್ ತಲೇನೇ ತೂತು ಬೀಳಬಹುದು.

ಈಗ ನೀವು ಹಾಕಿರೋ ಅಳತೆ. 5 ಲೀಟರ್‌ಗೆ 200 ಎಂಎಲ್ ಅಂದ್ರೆ 25:1, ಅದು ಸಾಮಾನ್ಯವಾಗಿ ಹೊಸ ಇಂಜಿನ್ ರನ್ನಿಂಗ್ ಇನ್‌ಗೋ ಇಲ್ಲ ತುಂಬಾ ಹಳೇ ಮಾಡೆಲ್‌ಗಳಿಗೋ ಹಾಕೋದು. ಈ ಸೈಜಿನ ಬಹಳಷ್ಟು ಇಂಜಿನ್ನುಗಳಿಗೆ 50:1, ಅಂದ್ರೆ ಲೀಟರ್‌ಗೆ 20 ಎಂಎಲ್, ನಿಮ್ಮ 5 ಲೀಟರ್‌ಗೆ 100. ಆದ್ರೆ ಕೊನೇ ಮಾತು ಇಂಜಿನ್ ಮೇಲಿನ ಪ್ಲೇಟ್ ಅಥವಾ ಮ್ಯಾನುಯಲ್‌ದು, ಅದ್ರಲ್ಲಿ ಏನಿದ್ಯೋ ಅದೇ. ಮೇಲಿನ ಕವರ್ ತೆಗೆದಾಗ ಒಳಗೆ ಬೇರೆ ಆಯಿಲ್ ಟ್ಯಾಂಕ್, ಸಣ್ಣ ಪಂಪು, ಥ್ರಾಟಲ್‌ಗೆ ಹೋಗೋ ರಾಡು ಇದ್ರೆ ಆಯಿಲ್ಲನ್ನ ಇಂಜಿನ್ನೇ ಬೆರೆಸ್ಕೊಳ್ಳೋ ಮಾಡೆಲ್ ಅದು, ಪೆಟ್ರೋಲ್‌ಗೂ ನೀವು ಬೆರೆಸಿದ್ರೆ ಡಬಲ್ ಆಗತ್ತೆ. ಆಯಿಲ್ ಕೂಡ ಬೇರೆ ಜಾತಿ ಬೇಕು. ಬಂಕಿನ 2ಟಿ ಗಾಳೀಲಿ ತಣ್ಣಗಾಗೋ ಬೈಕು ಆಟೋಗೆ ಮಾಡಿದ್ದು, ನೀರಲ್ಲಿ ತಣ್ಣಗಾಗೋ ಔಟ್‌ಬೋರ್ಡ್‌ಗೆ ಡಬ್ಬಿ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರೋ ಬೂದಿ ಬಿಡದ ಆಯಿಲ್ ಹಾಕ್ಬೇಕು. ಜೆ.ಸಿ. ರೋಡಲ್ಲಿ ಸಿಗದಿದ್ರೆ ಮಲ್ಪೆ, ಮಂಗಳೂರು ಕಡೆಯಿಂದ ತರಿಸ್ಕೊಳ್ಳಿ.

ಇನ್ನೊಂದು, ನಿಮ್ಮ ಕಡೆ ನಾಡದೋಣಿಗಳಲ್ಲಿ ಸೀಮೆಎಣ್ಣೆ ಇಂಜಿನ್ನುಗಳೇ ಜಾಸ್ತಿ ಅಲ್ವಾ, ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಬಿಸಿ ಆದ್ಮೇಲೆ ಸೀಮೆಎಣ್ಣೆಗೆ ತಿರುಗಿಸೋದು. ಇದೂ ಅದೇನಾ ಅಂತ ಭಾವನ್ನ ಕೇಳಿ, ಹೌದಾದ್ರೆ ಲೈನಲ್ಲಿ, ಕಾರ್ಬ್ಯುರೇಟರ್ ಬೌಲಲ್ಲಿ ಹಳೇ ಸೀಮೆಎಣ್ಣೆ ನಿಂತಿರತ್ತೆ. ಯಾವ್ದಾದ್ರೂ ಆಗ್ಲಿ, ಎರಡು ವರ್ಷದ ಹಳೇದೆಲ್ಲ ಚೆಲ್ಲಿ, ಬೌಲ್ ಬಿಚ್ಚಿ ತೊಳ್ಸಿ. ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್, ಆ ಎಥನಾಲ್ ಗಾಳಿಯ ನೀರನ್ನ ಎಳ್ಕೊಳ್ಳತ್ತೆ, ಹಳೇ ರಬ್ಬರ್‌ಗೂ ಒಳ್ಳೇದಲ್ಲ, ಹಾಗಾಗಿ ಬೇಕಾದಷ್ಟೇ ತಂದು ಬೇಗ ಖಾಲಿ ಮಾಡಿ.

ನನಗೆ ನಿಮ್ಮ ಪತ್ರದಲ್ಲಿ ಮುಖ್ಯ ಅನ್ಸಿದ್ದು ಆ ಕೆಳಗಿನ ಪ್ಲಗ್. ಆಯಿಲ್ ಅಳತೆ ಒಂದೇ ಕಾರಣ ಆಗಿದ್ರೆ ಎರಡೂ ಪ್ಲಗ್ ಒಂದೇ ಥರ ಇರ್ಬೇಕಿತ್ತು. ಒಂದು ಮಾತ್ರ ಒದ್ದೆ ಅಂದ್ರೆ ಆ ಸಿಲಿಂಡರ್ ಸರಿಯಾಗಿ ಫೈರ್ ಆಗ್ತಿಲ್ಲ, ಇಲ್ಲಾಂದ್ರೆ ಅದಕ್ಕೆ ಬೇರೆ ದಾರೀಲಿ ಪೆಟ್ರೋಲ್ ನುಗ್ತಿದೆ. ಗಾಡೀಲಿ ಮಲಗಿಸ್ಕೊಂಡು ಬಂದಾಗ ಒಳಗೆ ನಿಂತಿದ್ದ ಆಯಿಲ್ ಒಂದು ಕಡೆ ಸೇರ್ಕೊಂಡಿರಲೂಬಹುದು, ಆದ್ರೆ ಅದು ಸ್ವಲ್ಪ ಹೊತ್ತಿಗೆ ಉರಿದು ಹೋಗ್ಬೇಕು, ಅರ್ಧ ಗಂಟೆ ಬರಲ್ಲ. ಎರಡಕ್ಕೂ ಹೊಸ ಪ್ಲಗ್ ಹಾಕಿ. ಆಮೇಲೆ ಇಂಜಿನ್ ಆಫ್ ಮಾಡಿಟ್ಟು ಕೆಳಗಿನ ಪ್ಲಗ್ ಕ್ಯಾಪ್ ತೆಗೆದು ಅದನ್ನ ಇಂಜಿನ್ನಿನ ಲೋಹಕ್ಕೆ ಗಟ್ಟಿಯಾಗಿ ಅರ್ತ್ ಮಾಡಿ, ಸ್ಟಾರ್ಟ್ ಮಾಡಿ ಸದ್ದು ಕೇಳಿ. ಮೊದ್ಲಿನ ಹಾಗೇ ಓಡಿದ್ರೆ ಆ ಸಿಲಿಂಡರ್ ಕೆಲ್ಸಾನೇ ಮಾಡ್ತಿರಲಿಲ್ಲ, ಕಾಯಿಲ್, ವೈರ್ ಕಡೆ ನೋಡ್ಬೇಕು. ಕ್ಯಾಪ್ ಸುಮ್ನೆ ನೇತಾಡಿಸಿ ಓಡಿಸ್ಬೇಡಿ, ಸ್ಪಾರ್ಕ್ ಕೊಡೋ ಸಿಡಿಐ ಯೂನಿಟ್ ಹಾಳಾಗತ್ತೆ.

ಸ್ಪಾರ್ಕ್ ಚೆನ್ನಾಗಿದ್ರೆ ಫ್ಯೂಯಲ್ ಪಂಪ್ ನೋಡಿ, ಬೈಕ್ ಮೆಕ್ಯಾನಿಕ್‌ಗಳಿಗೆ ಇದು ಹೊಳೆಯೋದೇ ಕಮ್ಮಿ. ಈ ಪಂಪ್‌ಗೆ ಮೋಟರ್ ಇಲ್ಲ, ಒಂದು ಸಿಲಿಂಡರಿನ ಕ್ರ್ಯಾಂಕ್‌ಕೇಸಲ್ಲಿ (ಕ್ರ್ಯಾಂಕ್ ತಿರುಗೋ ಗೂಡು) ಗಾಳಿ ಹಿಂದೆ ಮುಂದೆ ಆಗೋ ಒತ್ತಡದಿಂದ ಒಳಗಿನ ತೆಳ್ಳನೆ ಡಯಾಫ್ರಮ್ ಮಿಡಿದು ಪೆಟ್ರೋಲ್ ತಳ್ಳತ್ತೆ. ಆ ಡಯಾಫ್ರಮ್ ಒಣಗಿ ಬಿರುಕು ಬಿಟ್ರೆ ಪೆಟ್ರೋಲ್ಲು ಕಾರ್ಬ್ಯುರೇಟರ್‌ಗೆ ಹೋಗೋದ್ರ ಜೊತೆ ನೇರವಾಗಿ ಆ ಸಿಲಿಂಡರ್‌ಗೂ ಇಳಿಯತ್ತೆ, ಅದೊಂದೇ ಪ್ಲಗ್ ಒದ್ದೆ, ಮುಗಿಯದ ಹೊಗೆ. ಪರೀಕ್ಷೆ ಸುಲಭ: ಪಂಪಿನ ಬೋಲ್ಟ್ ಬಿಚ್ಚಿ ಇಂಜಿನ್ನಿಂದ ಈಚೆ ತೆಗೀರಿ, ಪೆಟ್ರೋಲ್ ಪೈಪ್ ಹಾಗೇ ಇರ್ಲಿ, ಪೈಪ್ ಮಧ್ಯದ ರಬ್ಬರ್ ಬಲ್ಬ್‌ನ ಗಟ್ಟಿಯಾಗೋವರೆಗೂ ಒತ್ತಿ, ಪಂಪಿನ ಹಿಂದುಗಡೆ ಇರೋ ಸಣ್ಣ ತೂತನ್ನ ನೋಡ್ತಾ ಇರಿ. ಅಲ್ಲಿ ಒಂದು ಹನಿ ಪೆಟ್ರೋಲ್ ಜಿನುಗಿದ್ರೂ ಡಯಾಫ್ರಮ್ ಹರಿದಿದೆ ಅಂತಾನೇ ಅರ್ಥ, ಕಿಟ್ ತಂದು ಹಾಕಿ. ಜಿನುಗದಿದ್ರೆ ಚೋಕ್ ಪೂರ್ತಿ ತೆರೀತಿದ್ಯಾ, ಬೌಲಿಗೆ ಬರೋ ಪೆಟ್ರೋಲ್ ನಿಲ್ಲಿಸೋ ಫ್ಲೋಟ್ ನೀಡಲ್ ಸಿಕ್ಕಾಕೊಂಡಿದ್ಯಾ ನೋಡಿ.

ಡ್ರಮ್ ಪರೀಕ್ಷೇನ ಪೂರ್ತಿ ನಂಬ್ಬೇಡಿ. ಬೋಟಲ್ಲಿ ಓಡೋವಾಗ ಹೊಗೆ ಬಹುಪಾಲು ನೀರೊಳಗೆ ಹೋಗತ್ತೆ, ಡ್ರಮ್ಮಲ್ಲಿ ಅದೆಲ್ಲ ಮೇಲೆದ್ದು ಕಣ್ಣಿಗೆ ಬೀಳತ್ತೆ, ಮುಚ್ಚಿದ ಶೆಡ್ಡಲ್ಲಿ ಅದೇ ಹೊಗೇನ ಇಂಜಿನ್ ಮತ್ತೆ ಎಳ್ಕೊಂಡು ಇನ್ನೂ ಕೆಡತ್ತೆ. ದಯವಿಟ್ಟು ಹೊರಗೆ ಬಯಲಲ್ಲಿ ಇಟ್ಟು ಓಡಿಸಿ, ಆ ಹೊಗೇಲಿ ಕಾರ್ಬನ್ ಮೊನಾಕ್ಸೈಡ್ ಇರತ್ತೆ, ವಾಸನೆ ಇಲ್ಲದ ವಿಷ ಅದು, ಶೆಡ್ಡಲ್ಲಿ ಅರ್ಧ ಗಂಟೆ ಅನ್ನೋದು ಓದಿ ನನಗೆ ನಿಜವಾಗ್ಲೂ ಭಯ ಆಯ್ತು. ಡ್ರಮ್ಮಲ್ಲಿ ಇಂಜಿನ್ ಬರೀ ಐಡಲ್ ಆಗಿರೋದ್ರಿಂದ ಸರಿಯಾಗಿ ಬಿಸಿಯೂ ಆಗಲ್ಲ, ಅದ್ರ ಮೇಲೆ ತಣ್ಣೀರಿನ ಹರಿವು ಹಿಡಿದಿಡೋ ಥರ್ಮೋಸ್ಟಾಟ್ ತೆರೆದೇ ಸಿಕ್ಕಾಕೊಂಡಿದ್ರೆ ಯಾವಾಗ್ಲೂ ತಣ್ಣಗೇ ಓಡಿ ಆಯಿಲ್ ಅರ್ಧಂಬರ್ಧ ಉರಿಯತ್ತೆ. ಅದನ್ನ ತೆಗೆದು ಪಾತ್ರೆ ನೀರಲ್ಲಿ ಹಾಕಿ ಕಾಯಿಸಿ, ತಣ್ಣೀರಲ್ಲಿ ಮುಚ್ಚಿರ್ಬೇಕು, ಬಿಸಿ ಆದ್ಮೇಲೆ ತೆರ್ಕೋಬೇಕು.

ಇಷ್ಟಾದ್ಮೇಲೂ ನಿಲ್ಲದಿದ್ರೆ ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆಸಿ, ಎರಡು ಸಿಲಿಂಡರ್ ಮಧ್ಯೆ ನೂರಕ್ಕೆ ಹತ್ತು ಹದಿನೈದಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರ್ದು. ಹೊಗೆ ಅಚ್ಚ ಬಿಳಿ ಆವಿ ಥರ ಬಂದು ಪ್ಲಗ್ ತೊಳೆದ ಹಾಗೆ ಚೊಕ್ಕಟ ಇದ್ರೆ ಹೆಡ್ ಗ್ಯಾಸ್ಕೆಟ್‌ನಿಂದ ನೀರು ನುಗ್ತಿದೆ ಅಂತ ಅನುಮಾನ ಪಡ್ಬೇಕು, ನಿಮ್ಮದು ಹಾಗೆ ಕಾಣಲ್ಲ. ಎಲ್ಲ ಸರಿಯಾದ ಮೇಲೂ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ರೆ, ಐಡಲಲ್ಲಿ ನಿಂತಾಗ ಒಂಚೂರು ನೀಲಿ ಹೊಗೆ ಬಂದೇ ಬರತ್ತೆ, ಅದು ಟೂ ಸ್ಟ್ರೋಕಿನ ಸ್ವಭಾವ, ಅದಕ್ಕೆ ಆಯಿಲ್ ಕಮ್ಮಿ ಮಾಡ್ಬೇಡಿ.

ಪ್ರಶ್ನೆ: ಬಸವನಗುಡಿಯಿಂದ ಬರೀತಿದೀನಿ. ನನ್ನ ಹಳೇ ಯಮಹಾ ಆರ್‌ಎಕ್ಸ್ 100 ಬೈಕು ಇತ್ತೀಚೆಗೆ ಸಿಗ್ನಲಲ್ಲಿ ನಿಂತ್ರೆ ಹಿಂದಿನವ್ರು ಮುಖ ಮುಚ್ಕೊಳ್ಳೋಷ್ಟು ಹೊಗೆ. 2ಟಿ ಪಂಪ್ ಸೆಟ್ಟಿಂಗ್ ಸರಿ ಇದೆ ಅಂದ್ರು. ಗೇರ್ ಆಯಿಲ್ ಮಾತ್ರ ಪದೇ ಪದೇ ಕಮ್ಮಿ ಆಗ್ತಿದೆ, ಕೆಳಗೆ ಸೋರಿದ ಗುರುತೇ ಇಲ್ಲ.

ಉತ್ತರ: ಕೆಳಗೆ ಸೋರದ ಗೇರ್ ಆಯಿಲ್ ಸೈಲೆನ್ಸರಿಂದ ಹೋಗ್ತಿದೆ. ಕ್ಲಚ್ ಕಡೆ, ಅಂದ್ರೆ ಬಲಗಡೆ ಕ್ರ್ಯಾಂಕ್ ಸೀಲ್ ಸವೆದಿದ್ರೆ ಗೇರ್ ಬಾಕ್ಸಿನ ಆಯಿಲ್ಲನ್ನ ಕ್ರ್ಯಾಂಕ್‌ಕೇಸ್ ಎಳ್ಕೊಳ್ಳತ್ತೆ. ಖಚಿತ ಆಗ್ಬೇಕಾದ್ರೆ ಆಯಿಲ್ ಅಳೆದು ಹಾಕ್ಸಿ, ಕೆಲವು ದಿನ ಓಡಿಸಿ, ಇಳಿಸಿ ಮತ್ತೆ ಅಳೀರಿ. ಸೀಲ್ ಹಾಕ್ಸೋವಾಗ ಎಡಗಡೇದನ್ನೂ ಬದಲಾಯಿಸಿ, ಅದು ಹೋದ್ರೆ ಹೊಗೆ ಬರಲ್ಲ, ಬರೀ ಗಾಳಿ ಎಳ್ಕೊಂಡು ಇಂಜಿನ್ ಲೀನ್ ಆಗತ್ತೆ, ಅದು ಇನ್ನೂ ಅಪಾಯ. ಕ್ರ್ಯಾಂಕ್ ಬೇರಿಂಗಲ್ಲಿ ಪ್ಲೇ (ಸಡಿಲ) ಇದ್ಯಾ ಅಂತ ಕೈಯಲ್ಲಿ ಅಲ್ಲಾಡಿಸಿ ನೋಡಕ್ಕೆ ಹೇಳಿ, ಇದ್ರೆ ಬೇರಿಂಗೂ ಒಟ್ಟಿಗೇ ಹಾಕ್ಸಿಬಿಡಿ, ಇಲ್ಲಾಂದ್ರೆ ಹೊಸ ಸೀಲ್ ಕೂಡ ಬೇಗ ಹೋಗತ್ತೆ.